ಬರ್ಲಿ, ಬರ್ಲಿ

ಕಲ್ಲುಕ್ವಾರಿಯ ಮೂಲೆಯಲ್ಲಿ
ಜಾಲಿಮುಳ್ಳು ಹೊದ್ದು ಕೂತಿತ್ತು ಜೀಪು.
ಬಾನೆಟ್ಟಿನೊಳಗೆ ಕೋಳಿ ಮೊಟ್ಟೆಯಿಟ್ಟಿತ್ತು.
ಪಿಳ್ಳಮುನಿಯಪ್ಪ ಎಲೆಅಡಿಕೆ ಉಗಿದು
‘ಬಂಡಿ ಮಂಚಿದೇ, ಸ್ವಲ್ಪ ಕೈ ಹಾಕಬೇಕು ಅಷ್ಟೆ’ ಅಂದ.
ಕೋಳಿಯನ್ನೂ ಸೇರಿಸಿ ರೇಟು ಹೇಳು ಅಂದೆ.

ಎಪ್ಪತ್ತೆಂಟು ಸಾವಿರ.
ನೋಟು ಉದ್ದಕ್ಕೆ ಮಡಿಸಿ ಬೆರಳ ಸಂದಿಗೆ ಸಿಕ್ಕಿಸಿ ಎಣಿಸಿದೆ,
ಬಾಕಿ ಮೂರು ಸಾವಿರ ಚೀಟಿಯ ಬೆನ್ನಿಗೆ ಬರೆದುಕೊಟ್ಟೆ:
ಇಳಿಯುವಾಗ ಇಸ್ಕೊಳ್ಳಿ.
ರೂಢಿ.
ಚಿಂತಾಮಣಿ, ಚೇಳೂರು, ಬಾಗೇಪಲ್ಲಿ ಲೈನಿನಲ್ಲಿ
ಇಪ್ಪತ್ತೆರಡು ವರ್ಷ ಪ್ರೈವೇಟ್ ಬಸ್ಸಿನ ಕಂಡಕ್ಟರು ನಾನು.
ಭೂಮಿಯನ್ನು ಎಷ್ಟು ಸಲ ಸುತ್ತಿದ್ದೇನೋ ಲೆಕ್ಕವಿಲ್ಲ,
ಒಂದು ಮೈಲಿಯೂ ನಾನು ಓಡಿಸಿದ್ದಲ್ಲ.

ಟ್ರ್ಯಾಕ್ಟರಿಗೆ ಸರಪಳಿ ಬಿಗಿದು
ದಸ್ತಗೀರ್ ಸಾಬರ ಶೆಡ್ಡಿಗೆ ಎಳೆದು ತಂದ ದಿನ
ವೆಂಕಟರತ್ನ ಸೆರಗು ಸಿಕ್ಕಿಸಿ ಒಂದು ಸುತ್ತು ಬಂದಳು.
‘ಇದರಲ್ಲಿ ಎಲ್ಲಿಗೆ ಹೋಗೋದು?’
‘ರಸ್ತೆ ಇಲ್ಲದ ಕಡೆಗೆ.’
‘ಇರೋ ಕಡೆಗೇ ಕರಕೊಂಡು ಹೋಗಲಿಲ್ಲ.’
ಆ ಮಾತಿಗೆ ನನ್ನ ಹತ್ತಿರ ಚಿಲ್ಲರೆ ಇರಲಿಲ್ಲ.

ಸಾಬರು ಮನುಷ್ಯರ ಜೊತೆ ಮಾತಾಡುವುದು ಕಡಿಮೆ.
ನಟ್ಟಿನ ಜೊತೆ ಮಾತ್ರ: ಬಾ ನನ್ನಪ್ಪ, ಬಾರಪ್ಪ,
ನಿನ್ನ ಮಗಳ ಮದುವೆಗೆ ಬರ್ತೀನಿ, ಬಾ.
ಬರದಿದ್ದವನ್ನು ಡೀಸೆಲ್ಲಿನ ಡಬ್ಬಿಗೆ ಹಾಕಿ
ನಮಾಜಿಗೆ ಹೋಗುವರು. ಬೆಳಗಾಗುವುದರೊಳಗೆ ಅವು ಸಡಿಲ.
ಕೋಲಾರದ ಗುಜರಿಯಿಂದ ಬಂತು ಗೇರ್‌ಬಾಕ್ಸು,
ಪಟ್ಟಾ ಯಾವುದೋ ಸತ್ತ ಜೀಪಿನದು,
ಸ್ಟೇರಿಂಗು ಇನ್ನಾರದೋ ಅಂಗೈಗೆ ಸವೆದದ್ದು.
ನಾಲ್ಕು ತಿಂಗಳು. ಕೊಡಬೇಕಾದ ಮೂರು ಸಾವಿರ
ಇಪ್ಪತ್ತಾಗಿ, ನಲವತ್ತಾಗಿ
ಕೋಳಿ ಸಾರಾಗಿ ಮುಗಿದಿತ್ತು.

ಹಿಂದಿನ ಹಲಗೆಯ ಬಣ್ಣ ಕೆರೆಯುತ್ತಿದ್ದ ಹುಡುಗ ಇಮಾಮ್.
ಬಿಳಿಯ ಕೆಳಗೆ ಹಳದಿ,
ಹಳದಿಯ ಕೆಳಗೆ ಹಸಿರು,
ಹಸಿರಿನ ಕೆಳಗೆ ಯಾರೋ ಕೈಯಾರೆ ಬರೆದ ದುಂಡಕ್ಷರ:
ಕುಷ್ಠರೋಗ ನಿ
ಅಷ್ಟೆ. ಮುಂದಿನದನ್ನು ತುಕ್ಕು ತಿಂದಿತ್ತು.
‘ಉಜ್ಜಿಬಿಡ್ಲಾ ಅಣ್ಣಾ?’

ಏನಿಗದಲೆ ಸ್ಟಾಪಿನಲ್ಲಿ ಒಬ್ಬ ಕೈ ತೋರಿಸಿದ್ದ ಒಂದು ಸಲ,
ಅದನ್ನು ಕೈ ಅನ್ನುವುದಾದರೆ.
ಮೊಂಡು ಅಂಗೈಯಲ್ಲಿ ಬಟ್ಟೆ ಸುತ್ತಿದ ನಾಣ್ಯ,
ಸರಿಯಾದ ಚಾರ್ಜು, ಚಿಲ್ಲರೆ ಕೇಳುವ ಹಾಗಿಲ್ಲ.
ಬಸ್ಸು ಅರ್ಧ ಖಾಲಿ.
ಡ್ರೈವರು ನಿಲ್ಲಿಸಿದ್ದ.
ರೈಟ್ ಅಂದವನು ನಾನು.
ಹಿಂದಿನ ಗಾಜಿನಲ್ಲಿ ಅವನು ಧೂಳಿಗಿಂತ ಮೊದಲೇ ಮಾಯವಾದ.

‘ಆ ಗೇಣು ಜಾಗ ಹಾಗೇ ಬಿಡು’ ಅಂದೆ.
ಇಮಾಮ್ ಸಾಬರ ಮುಖ ನೋಡಿದ. ಸಾಬರು ನನ್ನ ಮುಖ.
ಉಳಿದದ್ದಕ್ಕೆಲ್ಲ ನೀಲಿ.

ಮೊದಲ ದಿನ ಅಂಬಾಜಿದುರ್ಗದ ಹಿಂಬದಿ,
ಕುರಿ ಹೋಗುವ ದಾರಿ.
ಬಂಡೆ ಎದುರಾದಾಗ ಚಿಕ್ಕ ಲಿವರ್ ಎಳೆದೆ,
ನಾಲ್ಕೂ ಚಕ್ರ ಒಂದೇ ಸಲ ನೆಲ ಕಚ್ಚಿದ ಸದ್ದು
ಬೆನ್ನುಹುರಿಯಲ್ಲಿ ಕೇಳಿತು.
ವೆಂಕಟರತ್ನ ಮುಂದಿನ ಕಂಬಿ ಹಿಡಿದು
ದೇವರ ಹೆಸರಿಗೂ ಬೈಗುಳಕ್ಕೂ ನಡುವಿನದೊಂದನ್ನು ಅಂದಳು.
ಹತ್ತಿದೆವು.
ಹತ್ತಿ, ದಾರಿ ಮುಗಿಯಿತು.

ಮುಂದಕ್ಕೆ ಎಲ್ಲ ಗೇರೂ ಬೆಣ್ಣೆ.
ಹಿಂದಕ್ಕೆ ಹಲ್ಲಿಲ್ಲ, ಆ ಸಾಮಾನು ಎಲ್ಲೂ ಸಿಗಲಿಲ್ಲ,
‘ನಿಲ್ಲಿಸೋ ಮುಂಚೆ ಹೊರಡೋದು ಯೋಚಿಸಿ’
ಎಂದಿದ್ದರು ಸಾಬರು, ದುಡ್ಡು ಎಣಿಸಿಕೊಂಡ ಮೇಲೆ.

ಇನ್ನು ಇಳಿಜಾರೇ ರಿವರ್ಸು.
ಅವಳು ಇಳಿದು ಹಿಂದೆ ಹೋದಳು.
ನ್ಯೂಟ್ರಲ್ ಮಾಡಿ ಬ್ರೇಕು ಒಂದೊಂದೇ ಕೂದಲಷ್ಟು ಬಿಡುತ್ತೇನೆ.
ಕನ್ನಡಿ ಹಾಕಿಸಿಲ್ಲ, ಸದ್ದು ಮಾತ್ರ:
ಆ ಅರ್ಧ ಅಕ್ಷರದ ಪಕ್ಕದಲ್ಲೇ ಇರಬೇಕು ಅವಳ ಅಂಗೈ,
ತಗಡಿನ ಮೇಲೆ ತಟ್ಟುತ್ತಿದೆ,
ನನ್ನದೇ ದನಿಯನ್ನು ಅಣಕಿಸುತ್ತಾ, ಬಿಡಿಬಿಡಿಯಾಗಿ
ಬರ್ಲಿ, ಬರ್ಲಿ,
ಎಡಕ್ಕೆ, ಬರ್ಲಿ...

ಹೋಲ್ಡಾನ್ ಅಂತ ಇನ್ನೂ ಅಂದಿಲ್ಲ.