ನೀರಿಳಿಯುವ ತುದಿ

ಕಣಕುಂಬಿಯಿಂದ ಖಾನಾಪುರ, ಅಲ್ಲಿಂದ ಬೆಳಗಾವಿ,
ಮೂರನೇ ಬಸ್ಸಿನ ಕಂಡಕ್ಟರನ ಸೀಟಿನಡಿ ಕೂತು
ಗುಳೇದಗುಡ್ಡಕ್ಕೆ ಬಂದಿಳಿಯಿತು ಒಂದು ಟೊಂಗೆ.
ಮೇಲೆ ಹಸಿ ಗೋಣಿತಟ್ಟು, ಒಳಗೆ ಮರಾಠಿ ಪೇಪರು.
ಬಿಚ್ಚಿದರೆ ಎಲೆಯ ಬೆನ್ನಿಗೆ
ತಿರುವುಮುರುವಾಗಿ ಅಂಟಿದೆ
ಯಾರದೋ ಭಾವಪೂರ್ಣ ಶ್ರದ್ಧಾಂಜಲಿ.

ಕಳಿಸಿದವನು ಕಾಡಿನ ವಾಚರ್ ಪುಂಡಲೀಕ ಗಾವಡೆ.
ಬರೆಸುವವರು ಶಲಾಕಾ ಮೇಡಂ, ಚೀಟಿಯಲ್ಲಿ ಮೂರೇ ಮಾತು:
ಬೆಳಕು ಎಡಗಡೆಯಿಂದ.
ನರ ಎಣಿಸಿ.
ಚಂದ ಮಾಡಬೇಡಿ.

ಹೊರಗೆ ಏಪ್ರಿಲ್. ಗುಡ್ಡದ ಕೆಂಪು ಬಂಡೆ
ರೊಟ್ಟಿ ಬಡಿದರೆ ಬೇಯಿಸಿಕೊಟ್ಟೀತು.
ಟೊಂಗೆಗೆ ಹೆಚ್ಚೆಂದರೆ ಸಂಜೆಯವರೆಗೆ ಆಯುಷ್ಯ.
ಫ್ಯಾನು ಹಾಕಿದರೆ ಎಲೆ ಒಣಗುತ್ತದೆ,
ಹಾಕದಿದ್ದರೆ ಕಾಗದಕ್ಕೆ ಮೊಣಕೈ ಬೆವರು.
ಹಾಕಲಿಲ್ಲ. ಮೊಣಕೈ ಕೆಳಗೆ ಒಂದು ಖಣದ ತುಂಡು.

ಪಕ್ಕದ ಕೋಣೆಯಲ್ಲಿ ಅಪ್ಪನ ಮಗ್ಗ.
ಹದಿನೈದು ವರ್ಷ ಅವನಿಗೆ ನಾನೇ ಬರೆದುಕೊಟ್ಟೆ
ಚೌಕುಳಿ ಹಾಳೆಯ ಮೇಲೆ
ಆನಿಹೆಜ್ಜಿ, ತೊಟ್ಟಿಲು, ಬಳ್ಳಿ.
ಚೌಕದೊಳಗೆ ಬಳ್ಳಿ ಬಳುಕುವುದಿಲ್ಲ,
ಮೆಟ್ಟಿಲಿಳಿಯುತ್ತದೆ.

ಮೊದಲು ಚಿಗುರು. ಅದು ಹಸಿರೇ ಅಲ್ಲ,
ಅಮ್ಮ ಅರೆದ ರಂಜಕದ ಕೆಂಪು, ಮೇಲೆ ಎಣ್ಣೆಯ ಹೊಳಪು.
ಬಲಿತದ್ದು ಕಪ್ಪಿಗೆ ಒಂದು ಹೆಜ್ಜೆ ಈಚೆ.
ನನ್ನ ಡಬ್ಬಿಯ ಹಸಿರುಗಳೆಲ್ಲ ಈ ಸೀಮೆಯವು:
ಜೋಳದ ದಂಟು, ಬೇವು, ಮೆಂತ್ಯೆ ಸಿವುಡು,
ಬಿಸಿಲು ಕುಡಿದು ಬೆಳೆದವು.
ಇದು ನೆರಳನ್ನೇ ಉಂಡ ಹಸಿರು.
ನೀಲಿ ಬೆರೆಸಿದೆ, ಹಿಂದೆಯೇ ಚೂರು ಕೆಂಪು, ಮತ್ತೆ ನೀಲಿ.
ಏಳನೇ ಸಲಕ್ಕೆ ಎಲೆ ಬೇಡ ಅನ್ನಲಿಲ್ಲ.

ನರ: ಎಡಕ್ಕೆ ಹದಿಮೂರು, ಬಲಕ್ಕೆ ಹದಿನಾಲ್ಕು.
ಮತ್ತೊಮ್ಮೆ ಎಣಿಸಿದೆ. ಹೌದು.
ಖಣದಲ್ಲಿ ಹೀಗಾದರೆ ಅಪ್ಪ ಬಿಚ್ಚಿ ಮತ್ತೆ ನೇಯುತ್ತಾನೆ.

ಆಮೇಲೆ ತುದಿ.
ಮುಗಿಯಬೇಕಾದ ಕಡೆ ಮುಗಿಯದೆ
ಸಪೂರವಾಗಿ, ಬೆರಳಿನ ಒಂದು ಗಣ್ಣಿನಷ್ಟು
ಬಾಲ.
ನಮ್ಮ ಬಾರಿ, ಜಾಲಿ, ಎಕ್ಕ, ಯಾವುದಕ್ಕೂ ಇಲ್ಲದ್ದು.
ಫೋನು ಹಚ್ಚಿದೆ. ಪುಂಡಲೀಕ ನಕ್ಕ.
“ಅದು ನೀರು ಇಳಿಯೂ ದಾರಿ, ಅಕ್ಕಾ.
ನಮ್ಮಲ್ಲಿ ಮಳಿ ಹತ್ತಿದ್ರ ಬಿಡಾಂಗಿಲ್ಲ,
ಎಲಿ ಮ್ಯಾಲ ನೀರು ನಿಂತ್ರ ಪಾಚಿ ಹಿಡಿತೈತಿ.”

ನಂಬಲಿಲ್ಲವೆಂದಲ್ಲ, ನೋಡಬೇಕೆನಿಸಿತು.
(ಆ ಕಾಡಿನ ಬುಡದಲ್ಲೇ ಹುಟ್ಟುವ ಮಲಪ್ರಭೆ
ಪಟ್ಟದಕಲ್ಲಿನ ಹತ್ತಿರ ಈಗ ಬರೀ ಉಸುಕು.)
ಕೊಡದಿಂದ ಒಂದು ಚಮಚ ತಂದು ಹೊಯ್ದೆ.
ನಡುನರ ಹಿಡಿದು ಓಡಿತು ನೀರು, ಊರು ಗೊತ್ತಿದ್ದವರ ಹಾಗೆ,
ಬಾಲದ ಕೊನೆಗೆ ಬಂದು ದಪ್ಪಗಾಯಿತು,
ನನ್ನ ಕಿಟಕಿ ತಲೆಕೆಳಗಾಗಿ ಒಂದು ಗಳಿಗೆ ಅದರೊಳಗೆ,
ಆಮೇಲೆ ಬಿತ್ತು
ಹಾಳೆಯ ಮೇಲೆ,
ಏಳನೇ ಹಸಿರಿನ ಮೇಲೆಯೇ.

ಬೈದುಕೊಳ್ಳಲೂ ಹೊತ್ತಿರಲಿಲ್ಲ.
ಇನ್ನೊಂದು ಹಾಳೆ. ಟೊಂಗೆ ಆಗಲೇ ಕುತ್ತಿಗೆ ಚೆಲ್ಲಿತ್ತು,
ಅರ್ಧ ನೋಡಿ ಬರೆದೆ, ಅರ್ಧ ನೆನಪಿನಿಂದ;
ಬಾಲವನ್ನು ಮಾತ್ರ ಒಂದೇ ಉಸಿರಿಗೆ ಎಳೆದೆ.
ಕೆಟ್ಟ ಹಾಳೆ ಹಾಸಿಗೆಯಡಿ ಇದೆ.
ಹಸಿರಿನ ನಡುವೆ ಬೆಳ್ಳನೆಯ ಒಂದು ದುಂಡು,
ಅಂಚಿಗೆಲ್ಲ ಬಣ್ಣ ಸರಿದು ನಿಂತಿದೆ.

ರಾತ್ರಿ ಮಗ್ಗ ನಿಲ್ಲಿಸಿ ಅಪ್ಪ ಬಂದ.
ಧೋತರದ ಚುಂಗಿನಿಂದ ಚಾಳೀಸು ಒರೆಸಿಕೊಂಡು
ಬಹಳ ಹೊತ್ತು ನೋಡಿದ:
ರಂಜಕದ ಚಿಗುರು, ನೆರಳಿನ ಹಸಿರು,
ಸೀಳಿ ಬರೆದ ಕಾಯಿ, ಜೋಡಿಯಾಗದ ನರಗಳು.
ಕೊನೆಗೆ ಕೆಳಗಿನ ಮೂಲೆಯಲ್ಲಿ
ಒಂದು ಸೆಂಟಿಮೀಟರ್ ಎಂದು ನಾನೆಳೆದಿದ್ದ
ಅಳತೆಗೆರೆಯ ಮೇಲೆ ಉಗುರಿಟ್ಟು
“ಇದೊಂದು ನೆಟ್ಟಗ ಬಂದೈತಿ ನೋಡು” ಅಂದ.