ಹಿಂದಿನ ಎಡಗಡಿ

ಸೂಪರ್ ಮಾರ್ಕೆಟ್ಟಿನ ಖದೀರ್ ಭಾಯಿ ಕೊಟ್ಟ ಹಳೇ ರಿಸೀವರು
ಹನ್ನೊಂದು ಕಿಲೋ, ತೂಕದಾಗ ಸುಳ್ಳಿಲ್ಲ.
ಐದು ಸ್ಪೀಕರು, ಒಂದು ಬೇಸ್ ಪೆಟಗಿ,
ಎರಡೂವರಿ ಸಾವಿರ, ಅದೂ ಎರಡು ಕಂತಿನಾಗ.
ಗೇಮಿನ ಡಬ್ಬಿ ನನ್ನ ತಮ್ಮ ಅಂಬಾರಾಯಂದು;
ಅವನ ಗೆಳೆಯ ಪರೀಕ್ಷಾದಾಗ ಫೇಲಾಗಿ
ಅಪ್ಪಗ ಹೆದರಿ ಅರ್ಧ ರೇಟಿಗೆ ಮಾರಿದ್ದು.

ಮುಂದಿನ ಎರಡು ಮಾತಾಡಿದವು.
ನಡುವಿಂದು ಮೂಕ.
ಹಿಂದಿನವೆರಡು (ಅಲಮಾರಿ ಮ್ಯಾಲ ಒಂದು,
ದೇವರ ಜಗಲಿ ಪಕ್ಕ ಒಂದು)
ಲಗ್ನಕ್ಕ ಬಂದು ಸಿಟ್ಟಾಗಿ ಕುಂತ ಬೀಗರಂಗ
ತುಟಿ ಬಿಚ್ಚಲಿಲ್ಲ.
ಗೇಮಿನಾಗ ಬೆನ್ನ ಹಿಂದ ಬರವನ ಹೆಜ್ಜಿ
ಮುಂದ ಕೇಳ್ತಿತ್ತು,
ಕತ್ತಿ ಮಾತ್ರ ಬೆನ್ನಿಗೇ ಬೀಳ್ತಿತ್ತು.

"ಸುಟ್ಟದ ತಗೊ" ಅಂದ ಅಂಬಾರಾಯ.
ಅವಗ ತಿಳೀಲಾರದ್ದೆಲ್ಲ ಸುಟ್ಟಿರ್ತದ.

ನಾ ರಿಸೀವರಿನ ನೀಲಿ ಕಿಂಡ್ಯಾಗ ಕಣ್ಣಿಟ್ಟೆ.
ಪಿಸಿಎಂ ಅಂತದ. ಡಾಲ್ಬಿ ದೀಪ ಹತ್ತೇ ಇಲ್ಲ.
ಟಿವಿ ಸೆಟ್ಟಿಂಗಿನಾಗ ಹೊಕ್ಕೆ, ಹೊರಗ ಬಂದೆ,
ಮತ್ತ ಹೊಕ್ಕೆ,
ಲಗ್ನದ ಮನಿ ಬಾಗಿಲಾಗ ಚಪ್ಪಲ್ ಹುಡುಕದಂಗ.

ಖದೀರ್ ಭಾಯಿ ಬಂದ್ರು, ರೋಜಾ ಬಿಟ್ಟ ಮ್ಯಾಲ.
ಐದೂ ಸ್ಪೀಕರು ಒಂದೊಂದೇ ಮುಟ್ಟಿ ನೋಡಿ
ನಮ್ಮ ರೊಟ್ಟಿ ಬುಟ್ಟಿ ತರಿಸಿದ್ರು.
"ಇಲ್ಲಿ ನೋಡು ನೀಲಗಂಗಾ.
ಮೆತ್ತನ ರೊಟ್ಟಿ ಮಡಚಿ ಮಡಚಿ
ಆರು ಬೇಕಾದ್ರೂ ಸಣ್ಣ ಚೀಲದಾಗ ತುರುಕು. ಅದು ಡಾಲ್ಬಿ.
ನಿಮ್ಮ ಡಬ್ಬಿ ಬಡಿಯೋದು ಬರೇ ಖಡಕ್ ರೊಟ್ಟಿ,
ಮಡಚಿದ್ರ ಮುರೀತದ.
ಟಿವಿಯಿಂದ ಬರೋ ಈ ಕೆಂಪು ಬೆಳಕಿನ ವೈರಿನ ಬಾಯಿ ಸಣ್ಣದು ಬೇಟಾ,
ಖಡಕ್ ಆದ್ರ ಎರಡೇ ಹಿಡಿಸ್ತಾವ."

ಮುರಿದ ರೊಟ್ಟಿ ತಾವೇ ತಿಂದ್ರು, ಶೇಂಗಾ ಹಿಂಡಿ ಹಚ್ಚಿ.

"ಹಂಗಾರ ತಪ್ಪು ಯಾರದು?"
"ಯಾರದೂ ಅಲ್ಲ. ಡಬ್ಬಿ ಛಲೋ ಅದ. ಪೆಟಗಿ ಛಲೋ ಅದ.
ಕೂಡಂಗಿಲ್ಲ, ಅಷ್ಟೇ."
ಹೋದ ವರ್ಷ ಹುಮನಾಬಾದಿನಿಂದ ನನ್ನ ನೋಡ್ಲಾಕ ಬಂದವ್ರೂ
ಇದೇ ಮಾತು ಹೇಳಿ, ಚಹಾ ಕುಡಿದು ಹೋಗಿದ್ರು.

ಆಮ್ಯಾಲ ರಿಸೀವರು ತಿರುಗಿಸಿ, ಧೂಳು ಊದಿ,
"ಅರೇ" ಅಂದ್ರು.
ಹಿಂದ ಆರು ತೂತು. ಹದಿನೆಂಟು ವರ್ಷ
ಯಾರೂ ಏನೂ ಚುಚ್ಚದ ಆರು ತೂತು.
ಖಡಕ್ ರೊಟ್ಟಿ ಹಂಗೇ ಒಳಗ ಬಿಡೋ ಬಾಗಿಲ.
ನಡುವ ಒಂದು ಸಣ್ಣ ಪೆಟಗಿ ಬೇಕು, ಹೈದರಾಬಾದಿನಿಂದ.
ಒಂಬತ್ತು ದಿನಕ್ಕ ಬಂತು.
ಆರು ವೈರು, ಕೆಂಪು ಬಿಳಿ ಕೆಂಪು ಬಿಳಿ,
ನಾನೇ ಹಚ್ಚಿದೆ, ಬಾಯಾಗ ಟಾರ್ಚ್ ಕಚ್ಚಿ.

ಗೇಮ್ ಡಬ್ಬ್ಯಾಗೇ ಒಂದು ಪರೀಕ್ಷಾ ಅದ.
ಮಾತಲ್ಲ, ಹಾಡಲ್ಲ, ಒಂದೊಂದು ಮೂಲಿಗೆ
ಬರೇ ಸುಸ್ಸ್ ಅಂತದ.
ಮುಂದ ಎಡಕ್ಕ. ನಡುವ (ಅಬ್ಬಾ). ಬಲಕ್ಕ.
ಜಗಲಿ ಪಕ್ಕ.
ಕಡೀಕ ಹಿಂದಿನ ಎಡಗಡಿ, ಅಲಮಾರಿ ಮ್ಯಾಲಿಂದ,
ಹುಟ್ಟಿ ಮೊದಲ ಸಲ ಉಸುರು ಬಿಟ್ಟಂಗ,
ಸುಸ್ಸ್ಸ್ಸ್

"ನಳ ಬಂತು!"
ಅವ್ವ ನಿದ್ದಿಗಣ್ಣಾಗ ಎದ್ದು ಕೊಡ ಹಿಡಿದು ಓಡಿದಳು.
ಗ್ವಾಡಿ ಆಚಿ ಚಂದ್ರಭಾಗಾ ಕಾಕುನ ದೀಪ ಹತ್ತಿತು,
ಆಕಿ ಸೊಸಿ, ಸೊಸಿ ಹಿಂದ ಮೂರು ಬಕೀಟು,
ಮಕ್ತಂಪುರದ ಅರ್ಧ ಓಣಿ ಶಹಾಬಾದಿ ಪರಸಿ ಮ್ಯಾಲ
ಖಣಖಣ ನಿಂತಿತು, ರಾತ್ರಿ ಹನ್ನೊಂದೂವರಿಗೆ,
ಒಣಾ ನಳದ ಬಾಯಿ ನೋಡಕೋತ.
ಅಂಬಾರಾಯ ನಕ್ಕು ನಕ್ಕು ಕೌದಿ ಬಾಯಾಗ ತುರುಕಿಕೊಂಡ.
ನಾ ಪ್ಲಗ್ ಕಿತ್ತೆ.

ಆಮ್ಯಾಲ ನಾಕು ರಾತ್ರಿ ಗೇಮು ನಡೀತು.
ಅದರಾಗ ಮಳಿ ಇತ್ತು, ಹೊಳಿ ಇತ್ತು,
ಎಲ್ಲಾ ಅಲಮಾರಿ ಮ್ಯಾಲಿಂದನೇ ಹರೀತಿತ್ತು.

ಐದನೇ ದಿನ, ನಸುಕಿನ ಮೂರಕ್ಕ, ಸುಸ್ಸ್ ಅಂತು.
ಅವ್ವ ಮಗ್ಗಲ ಬದಲಿಸಿ
"ಆವಾಜ್ ಸಣ್ಣ ಮಾಡೋ ಅಂಬಾರಾಯಾ" ಅಂದಳು.
ಗ್ವಾಡಿ ಆಚಿಂದ ಕಾಕೂನೂ ಅದೇ ಬೈದಳು.
ಅಂಬಾರಾಯ ಮಲಗಿದ್ದ. ಡಬ್ಬಿ ಆರಿತ್ತು.
ಹೊರಗ, ಹಿಂದಿನ ಎಡಗಡಿ,
ನೀರು ಬಂದು ಹೋಯ್ತು.