ಹೂದಾನಿಯ ಹಿಂದೆ

ನೇಪಲ್ಸಿನ ಗುಡ್ಡದ ಮೇಲಿನ ಮ್ಯೂಸಿಯಮ್ಮಿನಲ್ಲಿ
ಏಳನೇ ಕೋಣೆಯ ಕಾವಲು ನನ್ನದು.
ಕುರ್ಚಿ ಒಂದಿದೆ, ಜನರಿದ್ದಾಗ ಕೂರುವಂತಿಲ್ಲ.
ಜನ ಯಾವಾಗಲೂ ಇರುತ್ತಾರೆ.

ಕತ್ತಲು ಬಳಿದು ಬಳಿದು ಬೆಳಕನ್ನು ಹೊರಗೆಳೆದ ಗುರು
ಸತ್ತು ನಾನೂರು ವರ್ಷವಾಯಿತು.
ಅವನ ಹೆಸರಿನ ಚೀಲ, ಚಾಕಲೇಟು, ಛತ್ರಿ
ಕೆಳಗಿನ ಅಂಗಡಿಯಲ್ಲಿ ಸಿಗುತ್ತವೆ.

ಬಂದವರು ಮೊದಲು ಪಕ್ಕದ ಚೀಟಿ ಓದುತ್ತಾರೆ,
ಆಮೇಲೆ, ಹೌದೋ ಅಲ್ಲವೋ ಎಂದು
ಪಟದ ಕಡೆ ತಲೆಯೆತ್ತುತ್ತಾರೆ.
ಹುಡುಗನೊಬ್ಬ ಕೇಳಿದ: ಕಡಿದ ತಲೆಗೆ ನೋವಾಗುತ್ತದಾ?
ಅವನಮ್ಮ ಎಳೆದುಕೊಂಡು ಹೋದಳು.
ನನಗೂ ಗೊತ್ತಿರಲಿಲ್ಲ.

ಗುರುವಾರ ಬಂದರಿನ ಓಣಿಯಿಂದ
ಒಂದು ಬಸ್ಸು ಜನ ಬಂದರು, ಪಾದ್ರಿ ಸಬಾತೀನೊ ಸಮೇತ.
ಅವರ ಇಗರ್ಜಿಯ ಪಟ ನಮ್ಮಲ್ಲಿಗೆ ಎರವಲು ಬಂದಿತ್ತು.
ತಮ್ಮದೇ ಪಟ ನೋಡಲು
ತಲೆಗೆ ಹದಿನಾಲ್ಕು ಯೂರೊ ತೆತ್ತು
ಬೀಗರ ಮನೆಯ ಪಡಸಾಲೆಯಲ್ಲಿ ನಿಂತವರಂತೆ
ಬಿಗಿದುಕೊಂಡು ನಿಂತರು.

ಎಲ್ಲರಿಗಿಂತ ಮುಂದೆ ಎರ್ಮೆಲಿಂದಾ.
ಮೂವತ್ತೊಂದು ವರ್ಷ ಆ ಪೀಠದ ಧೂಳು ಹೊಡೆದವಳು,
ಹೂ ಇಟ್ಟವಳು, ಬಾಡಿದ್ದನ್ನು ತೆಗೆದವಳು.
'ಅಲ್ಲಿ ಡಬ್ಬಿಗೆ ನಾಣ್ಯ ಹಾಕ್ಬೇಕು ಮಗಾ,
ಹಾಕಿದ್ರೆ ಒಂದು ನಿಮಿಷ ದೀಪ, ಆಮೇಲೆ ಟಕ್.
ಒಂದು ನಿಮಿಷದಲ್ಲಿ ಏನಂತ ನೋಡ್ಲಿ?
ಸಂತನ ಮುಖ ನೋಡ್ತಿದ್ದೆ,
ಗಂಡನ ಕೆಮ್ಮಿನ ವಿಷಯ ಹೇಳ್ತಿದ್ದೆ,
ಅಷ್ಟರಲ್ಲಿ ಕತ್ತಲು.'

ಇಲ್ಲಿ ದೀಪ ಆರುವುದಿಲ್ಲ.
ಮೊದಲು ಸಂತನನ್ನು, ಎದುರು ಮನೆಯವನನ್ನು ಎಂಬಂತೆ
ಗದ್ದ ಎತ್ತಿ ಮಾತಾಡಿಸಿದಳು.
ಆಮೇಲೆ ಕಣ್ಣು ಮೆಲ್ಲಗೆ ಕೆಳಗಿಳಿಯಿತು:
ದೇವದೂತನ ಕೈ, ಬಿಚ್ಚಿಬಿದ್ದ ಸರಪಳಿ, ಒದ್ದೆ ಕಲ್ಲು,
ಇನ್ನೂ ಕೆಳಗೆ
ಅವಳ ಹೂದಾನಿ ನಿಲ್ಲುತ್ತಿದ್ದ ಜಾಗಕ್ಕೆ.

ಅಲ್ಲೊಬ್ಬ ಮಲಗಿದ್ದಾನೆ.
ಸೆರೆಮನೆಯ ಕಾವಲುಗಾರ. ಬಾಯಿ ತೆರೆದಿದೆ,
ಒಂದು ಜೋಡು ಕಳಚಿದೆ,
ಅಂಗಾಲು ಬಾಣಲೆಯ ತಳದಷ್ಟು ಕಪ್ಪು.
ತಲೆಯ ಮೇಲೆ ಪವಾಡ ನಡೆಯುತ್ತಿದೆ,
ಅವನಿಗೆ ಗೊರಕೆ.

ಎರ್ಮೆಲಿಂದಾ ನಕ್ಕಳು,
ಕೋಣೆಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ.
'ಅಯ್ಯೋ ನಿನ್ನ!
ಇಷ್ಟು ವರ್ಷ ಇವನ ಮೂಗಿಗೆ ಹೂ ಹಿಡಿದೆನಾ?'
ಬೆರಳು ಚಾಚಿದಳು, ಗಂಟೆ ಕಿರುಚಿತು,
ನಾನು ಓಡಿದೆ.

ನನ್ನ ಮುಖ ನೋಡಿದಳು, ಸಮವಸ್ತ್ರ ನೋಡಿದಳು,
ಊದಿದ ಕಾಲು ನೋಡಿದಳು.
ಸೆರಗಿಲ್ಲದ ಹೆಂಗಸು, ಕೋಟಿನ ತೋಳಿನಲ್ಲಿ ಕಣ್ಣೊರೆಸಿಕೊಂಡು
'ಪಾಪ, ಮಲಗಲಿ ಬಿಡು' ಅಂದಳು.
'ನೀನೂ ಸ್ವಲ್ಪ ಕೂತ್ಕೋ.'

ಕೂರಲಿಲ್ಲ. ಮೇಲ್ವಿಚಾರಕ ಬಾಗಿಲಲ್ಲಿದ್ದ.

ಪಟ ಊರಿಗೆ ಮರಳಿದ ಮೇಲೆ
ಒಂದು ರಜೆಯ ದಿನ ಆ ಓಣಿ ಹುಡುಕಿ ಹೋದೆ.
ಮೀನಿನ ವಾಸನೆ, ಒಣಹಾಕಿದ ಹಾಸಿಗೆಬಟ್ಟೆ, ಸ್ಕೂಟರು;
ಇಗರ್ಜಿಯ ಒಳಗೆ ಬಾವಿಯಂಥ ಕತ್ತಲು.
ನಾಣ್ಯ ಹಾಕಿದೆ.
ಹೂದಾನಿ ಅಲ್ಲೇ ಇತ್ತು, ಬಿಳಿ ಹೂ ತಾಜಾ ಇತ್ತು.
ಆದರೆ ಯಾರೋ ಅದನ್ನು
ನಾಲ್ಕು ಬೆರಳು ಬಲಕ್ಕೆ ಸರಿಸಿದ್ದರು;
ಸಂದಿಯಲ್ಲಿ ಒಂದು ಕಪ್ಪು ಅಂಗಾಲು.

ಟಕ್.

ಇನ್ನೊಂದು ನಾಣ್ಯ ಜೇಬಿನಲ್ಲಿತ್ತು.
ಬೆಂಚು ಖಾಲಿಯಿತ್ತು.
ಕೂತೆ.